ಕ್ಯಾಂಟನ್ ಪೇಟೆಯ ಗುಜರಾತಿ ಗಿರಾಕಿಗಳು

2014ರ ಸೆಪ್ಟೆಂಬರ್ 17ರಂದು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅಹಮದಾಬಾದಿಗೆ ಬಂದರು. ಸಾಬರಮತಿ ದಂಡೆಯ ಉಯ್ಯಾಲೆಯ ಮೇಲೆ ಅವರು ಕೂತಿದ್ದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದೇ ದಿನ ಅಹಮದಾಬಾದಿಗೂ ಗ್ವಾಂಗ್‌ಝೌಗೂ ಸೋದರ ನಗರಗಳ ಒಪ್ಪಂದವಾದದ್ದು ಹೆಚ್ಚು ಜನರ ನೆನಪಿನಲ್ಲಿಲ್ಲ. ಅಹಮದಾಬಾದಿನ ನರೋಡಾ, ವಟವಾ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಗ್ವಾಂಗ್‌ಝೌ ಹೊಸ ಹೆಸರಲ್ಲ. 1957ರಿಂದ ವರ್ಷಕ್ಕೆರಡು ಸಲ ಅಲ್ಲಿ ನಡೆಯುವ ಕ್ಯಾಂಟನ್ ಮೇಳ ಜಗತ್ತಿನ ವರ್ತಕರನ್ನೆಲ್ಲ ಸೆಳೆಯುತ್ತದೆ. ಆದರೆ ಗುಜರಾತಿಗಳು ಈ ಊರಿಗೆ ಹೋಗತೊಡಗಿದ್ದು ಅದಕ್ಕೂ ಇನ್ನೂರು ವರ್ಷ ಮೊದಲು. ಆಗ ಪರದೇಶಿಗಳ ಬಾಯಲ್ಲಿ ಅದರ ಹೆಸರು ಕ್ಯಾಂಟನ್.

ಹಿರ್ಜಿ ಜೀವನ್‌ಜಿ ರೆಡಿಮನಿ 1756ರಲ್ಲಿ ಚೀನಾಕ್ಕೆ ಹೋದರು. ಗುಜರಾತಿ ಮಾತಾಡುವ ಪಾರ್ಸಿ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು ಅವರೇ ಎನ್ನುತ್ತಾರೆ. ಅವರ ಹಿಂದೆಯೇ ಸೂರತ್, ನವಸಾರಿ, ಭರೂಚ್ ಮೂಲದ ಅನೇಕ ಮನೆತನಗಳು ಮುಂಬಯಿಯಲ್ಲಿ ನೆಲೆ ನಿಂತು ಹಡಗು ಹತ್ತಿದವು. ಗುಜರಾತಿನ ಹತ್ತಿ, ಮೈಸೂರು ಸೀಮೆಯ ಶ್ರೀಗಂಧ, ಪಶ್ಚಿಮ ಕರಾವಳಿಯ ಒಣಗಿಸಿದ ಶಾರ್ಕ್ ರೆಕ್ಕೆ ಹೊರಟು ಹೋಗುತ್ತಿದ್ದವು. ಚಹಾ, ಸಕ್ಕರೆ, ರೇಷ್ಮೆ, ಪಿಂಗಾಣಿ ಹಿಂದಿರುಗುತ್ತಿದ್ದವು.

ಹೋದವರಿಗೆ ಊರು ನೋಡುವ ಭಾಗ್ಯ ಮಾತ್ರ ಅಷ್ಟಿರಲಿಲ್ಲ. 1757ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿ ಪಶ್ಚಿಮದ ಹಡಗುಗಳ ವ್ಯಾಪಾರವನ್ನೆಲ್ಲ ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದ. ಪರದೇಶಿಗಳು ಕೋಟೆಯೊಳಗೆ ಕಾಲಿಡುವಂತಿಲ್ಲ. ಪರ್ಲ್ ನದಿಯ ದಂಡೆಯಲ್ಲಿದ್ದ ‘ಹದಿಮೂರು ಫ್ಯಾಕ್ಟರಿ’ ಎಂಬ ಕೊಠಿಗಳ ಸಾಲಿನಲ್ಲೇ ವಾಸ, ಅಲ್ಲೇ ಗೋದಾಮು. ವ್ಯಾಪಾರದ ಋತು ಮುಗಿದರೆ ಮಕಾವ್‌ಗೆ ಹೊರಡಬೇಕು. ವಿಹಾರಕ್ಕೂ ಕಟ್ಟಳೆ ಇತ್ತು. 1816ರ ಅಪ್ಪಣೆಯ ಪ್ರಕಾರ ಚೀನೀ ತಿಂಗಳಿನ 8, 18 ಮತ್ತು 28ನೇ ದಿನ, ಒಮ್ಮೆಗೆ ಹತ್ತು ಜನರಿಗೆ ಮೀರದಂತೆ, ದುಭಾಷಿಯನ್ನು ಜೊತೆಗಿಟ್ಟುಕೊಂಡು ನದಿಯಾಚೆಯ ಹೊನಾಮ್ ಬೌದ್ಧ ದೇವಾಲಯಕ್ಕೋ ಫಾಟಿಯ ಹೂದೋಟಗಳಿಗೋ ಹೋಗಿ ಕತ್ತಲಾಗುವುದರೊಳಗೆ ಮರಳಬೇಕಿತ್ತು. ಪರದೇಶಿಗಳೊಡನೆ ವ್ಯವಹರಿಸುವ ಪರವಾನಗಿ ಇದ್ದ ಹಾಂಗ್ ವರ್ತಕರು, ಅವರಲ್ಲಿ ಹೆಸರುವಾಸಿಯಾದ ಹೌಕ್ವಾನಂಥವರು, ಮನೆಗೆ ಕರೆದು ಔತಣ ಕೊಟ್ಟರೆ ಅದೇ ದೊಡ್ಡ ಸಂಭ್ರಮ. ಇಂಥ ಔತಣಗಳಲ್ಲಿ ಹಕ್ಕಿಗೂಡಿನ ಸಾರು, ಶಾರ್ಕ್ ರೆಕ್ಕೆಯ ಸಾರು ಬಡಿಸುತ್ತಿದ್ದರು.

ಉಳಿದದ್ದು ಪೇಟೆ ಸುತ್ತಾಟ. ಕೊಠಿಗಳ ನಡುವೆ ಹಾದುಹೋಗುತ್ತಿದ್ದ ಓಲ್ಡ್ ಚೈನಾ ಸ್ಟ್ರೀಟ್, ನ್ಯೂ ಚೈನಾ ಸ್ಟ್ರೀಟ್, ಹಾಗ್ ಲೇನ್ ಎಂಬ ಮೂರು ಬೀದಿಗಳಲ್ಲಿ ಬೀಸಣಿಗೆ, ಅರಗಿನ ಬಣ್ಣದ ಪೆಟ್ಟಿಗೆ, ದಂತದ ಕೆತ್ತನೆ, ಬೆಳ್ಳಿ ಸಾಮಾನು, ರೇಷ್ಮೆ ಸಿಗುತ್ತಿದ್ದವು. ಮನೆಗೆಂದು ಕೊಂಡ ಈ ಸಾಮಾನು ಹಡಗು ತುಂಬ ಹೋದ ಹತ್ತಿಯ ಪಕ್ಕದಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಆದರೆ ಗುಜರಾತಿನ ಬದುಕಿನಲ್ಲಿ ಬಾಳಿಕೆ ಬಂದದ್ದು ಈ ಸಾಮಾನೇ.

ಪಾರ್ಸಿ ಹೆಂಗಸರು ಉಡುವ ಗಾರಾ ಸೀರೆಯನ್ನೇ ನೋಡಿ. ನೇರಳೆ, ಕಡುಗೆಂಪು, ಕಪ್ಪು ರೇಷ್ಮೆಯ ಮೇಲೆ ಬಿಳಿ ನೂಲಿನಲ್ಲಿ ಕೊಕ್ಕರೆ, ಪಿಯೋನಿ ಹೂ, ಸೇತುವೆ, ಪಗೋಡ. ಮೊದಮೊದಲು ವರ್ತಕರು ತಂದದ್ದು ನಾಲ್ಕೂ ಅಂಚಿಗೆ ಒಂದೇ ಬಗೆಯ ಕಸೂತಿ ಇದ್ದ ಬಟ್ಟೆ. ಗುಜರಾತಿ ಉಡಿಗೆಯಲ್ಲಿ ಸೆರಗು ಬಲ ಹೆಗಲ ಮೇಲಿಂದ ಮುಂದಕ್ಕೆ ಬರುತ್ತದೆ. ಹೂಬಳ್ಳಿ ದಟ್ಟವಾಗಿ ಕಾಣಬೇಕಾದದ್ದು ಅಲ್ಲಿ. ಸೊಂಟದೊಳಗೆ ಸಿಕ್ಕಿಸುವ ಕಡೆ ಕಸೂತಿ ಬೇಕಾಗಿಲ್ಲ. ಈ ಅಳತೆ, ಈ ಇಷ್ಟಾನಿಷ್ಟ ವರ್ತಕರ ಮೂಲಕ ಕ್ಯಾಂಟನ್ನಿನ ಕುಶಲಕರ್ಮಿಗಳನ್ನು ತಲುಪಿತು. ಪರದೇಶಿ ಹೆಂಗಸರಿಗೆ ಕ್ಯಾಂಟನ್ನಿಗೆ ಪ್ರವೇಶವೇ ಇರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆ ಊರಿನ ಮುಖವನ್ನೂ ಕಾಣದ ಪಾರ್ಸಿ ಹೆಣ್ಣುಮಕ್ಕಳು ಅಲ್ಲಿನ ಸೂಜಿ ಯಾವ ಕಡೆ ಓಡಬೇಕೆಂದು ತೀರ್ಮಾನಿಸಿದರು. ಈ ಇತಿಹಾಸದಲ್ಲಿ ಹಡಗಿನೊಡೆಯರ ಹೆಸರುಗಳಿವೆ, ಈ ಹೆಂಗಸರ ಹೆಸರುಗಳಿಲ್ಲ. ಅದು ಅನ್ಯಾಯ.

ವಿನ್ಯಾಸಗಳಿಗೆ ಹೆಸರಿಟ್ಟವರೂ ಮನೆಯವರೇ. ಬೊಟ್ಟುಗಳ ವಿನ್ಯಾಸ ‘ಕಾಂದಾ ಪಪೇಟಾ’ ಆಯಿತು, ಅಂದರೆ ಈರುಳ್ಳಿ ಆಲೂಗಡ್ಡೆ. ಗುಬ್ಬಿ ಜೋಡಿಯಂಥ ಹಕ್ಕಿಗಳು ‘ಚಕ್ಲಾ ಚಕ್ಲಿ’. ನಮ್ಮ ಧಾರವಾಡ ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವಂಥದ್ದು, ಗೋಪುರ ತೇರುಗಳೆಲ್ಲ ಗೆರೆಯ ಲೆಕ್ಕದಲ್ಲೇ ಮೂಡುತ್ತವೆ. ಗಾರಾದಲ್ಲಿ ಆ ಎಣಿಕೆಯಿಲ್ಲ. ಎಸಳು ಕುಂಚದಲ್ಲಿ ಎಳೆದಂತೆ ನುಣುಪಾಗಿ ಬಾಗುತ್ತದೆ, ನಡುನಡುವೆ ಕಣ್ಣಿಗೆ ಶ್ರಮ ಕೊಡುವ ಪುಟ್ಟ ಗಂಟುಗಳು. ಮುಂದೆ ಚೀನೀ ವ್ಯಾಪಾರಿಗಳೇ ಮುಂಬಯಿ, ಸೂರತ್‌ನ ಬೀದಿಗಳಲ್ಲಿ ಗಂಟು ಹೊತ್ತು ಬಂದು ಮನೆ ಬಾಗಿಲಲ್ಲಿ ಅಂಚುಪಟ್ಟಿ ಮಾರಿದರು. ಅವರಿಂದಲೇ ಪಾರ್ಸಿ ಹೆಂಗಸರು ಈ ಕೆಲಸ ಕಲಿತರು ಎನ್ನುತ್ತಾರೆ.

ನೇಯ್ಗೆಯೂ ಹೀಗೇ ಬಂತು. ಹತ್ತೊಂಬತ್ತನೇ ಶತಮಾನದಲ್ಲಿ ಸೂರತ್‌ನ ಮೂವರು ನೇಕಾರ ಸಹೋದರರು ಚೀನಾಕ್ಕೆ ಹೋಗಿ ಚೋಯ್ ಎಂಬ ಗುರುವಿನಿಂದ ಕಲಿತುಬಂದರೆಂದೂ ಆ ನೇಯ್ಗೆಯೇ ‘ತಾಂಚೋಯ್’ ಆಯಿತೆಂದೂ ಹೇಳಿಕೆಯಿದೆ. ಸೂರತ್‌ನ ಮಗ್ಗಗಳಲ್ಲಿ ಅದು ನಿಂತುಹೋಗಿ ಬಹಳ ಕಾಲವಾಯಿತು. ಈಗ ತಾಂಚೋಯ್ ಬೇಕಿದ್ದರೆ ಬನಾರಸಿನ ನೇಕಾರರನ್ನೇ ಕೇಳಬೇಕು.

ಈ ರೇಷ್ಮೆಗೆ ಹಣ ಎಲ್ಲಿಂದ ಬಂತೆಂಬುದನ್ನು ಮರೆಮಾಚಬಾರದು. ಹತ್ತಿಯ ಜೊತೆಗೆ ಮಾಳ್ವದ ಅಫೀಮು ಸೇರಿತು, ಬರಬರುತ್ತಾ ಅದೇ ದೊಡ್ಡ ಲಾಭವಾಯಿತು. ನವಸಾರಿಯಲ್ಲಿ ಬೆಳೆದ ಜಮ್‌ಶೆಟ್‌ಜಿ ಜೀಜೀಭಾಯ್ ಚೀನಾಕ್ಕೆ ಐದು ಸಲ ಹೋದವರು. 1805ರಲ್ಲಿ ಅವರಿದ್ದ ಹಡಗನ್ನು ಫ್ರೆಂಚರು ಹಿಡಿದಾಗ ಅದರ ವೈದ್ಯ ವಿಲಿಯಂ ಜಾರ್ಡಿನ್‌ನ ಪರಿಚಯವಾಯಿತು. ಮುಂದೆ ಆ ಸ್ನೇಹವೇ ಅಫೀಮು ವ್ಯಾಪಾರದ ದೊಡ್ಡ ಪಾಲುದಾರಿಕೆಯಾಯಿತು. ಅವರು ಕಟ್ಟಿಸಿದ ಆಸ್ಪತ್ರೆ, ಶಾಲೆಗಳು ಇಂದಿಗೂ ಉಪಯೋಗಕ್ಕೆ ಬರುತ್ತಿವೆ; ಚೀನಾದ ಮನೆಗಳಲ್ಲಿ ಆದ ಹಾಳೂ ಅಷ್ಟೇ ನಿಜ. 1839ರಲ್ಲಿ ಚೀನೀ ಅಧಿಕಾರಿ ಲಿನ್ ಝೆಷು ಪರದೇಶಿ ವರ್ತಕರನ್ನು ಕೊಠಿಗಳಲ್ಲೇ ದಿಗ್ಬಂಧನದಲ್ಲಿಟ್ಟು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿದ. ಸಿಕ್ಕಿಬಿದ್ದವರಲ್ಲಿ ಪಾರ್ಸಿಗಳೂ ಇದ್ದರು. ಬ್ರಿಟನ್ನಿಗೂ ಚೀನಾಕ್ಕೂ ಯುದ್ಧವಾಯಿತು. 1842ರ ನಾನ್‌ಜಿಂಗ್ ಒಪ್ಪಂದದೊಂದಿಗೆ ಹಳೆಯ ಕಟ್ಟಳೆಗಳು ಬಿದ್ದುಹೋದವು, 1856ರ ಬೆಂಕಿಯಲ್ಲಿ ಕೊಠಿಗಳೂ ಸುಟ್ಟುಹೋದವು.

ನವಸಾರಿಯಲ್ಲೇ ಹುಟ್ಟಿದ ಜಮ್‌ಶೆಟ್‌ಜಿ ಟಾಟಾ 1859ರಲ್ಲಿ ತಂದೆಯ ವ್ಯಾಪಾರಕ್ಕಾಗಿ ಹಾಂಗ್‌ಕಾಂಗ್‌ಗೆ ಹೋದರು. ಪೂರ್ವದ ರೇಷ್ಮೆಯ ಮೇಲಿನ ಅವರ ಆಸಕ್ತಿಯ ಒಂದು ಕುರುಹು ಬೆಂಗಳೂರಿನಲ್ಲೂ ಇದೆ. 1890ರ ದಶಕದಲ್ಲಿ ಜಪಾನಿ ಪರಿಣತರನ್ನು ಕರೆಸಿ ಅವರು ನಡೆಸಿದ ರೇಷ್ಮೆ ತೋಟದ ಹೆಸರು ಬಸವನಗುಡಿಯ ಬಳಿಯ ಟಾಟಾ ಸಿಲ್ಕ್ ಫಾರ್ಮ್ ಬಡಾವಣೆಗೆ ಉಳಿದುಕೊಂಡಿದೆ.

ಪಾರ್ಸಿಗಳ ಸಂಖ್ಯೆ ಇಳಿಯುತ್ತಿದೆ, ಹಳೆಯ ಗಾರಾಗಳ ರೇಷ್ಮೆ ಮಡಿಕೆಗಳಲ್ಲಿ ಸೀಳುತ್ತಿದೆ. 1999ರಲ್ಲಿ ಆರಂಭವಾದ ಪಾರ್ಜೋರ್ ಯೋಜನೆ ಈ ಕಸೂತಿಯನ್ನು ದಾಖಲಿಸಿ ಹೊಸಬರಿಗೆ ಕಲಿಸುವ ಕೆಲಸ ಮಾಡುತ್ತಿದೆ. ಸೂರತ್‌ನ ಮಾರುಕಟ್ಟೆಯಲ್ಲಿ ಯಂತ್ರದ ಕಸೂತಿಯ ಗಾರಾ ಅಗ್ಗಕ್ಕೆ ಸಿಗುತ್ತದೆ. ಆದರೆ ಅಲ್ಲಿಗೆ ಹೋಗುವ ಕನ್ನಡಿಗರು ಸಾಧ್ಯವಾದರೆ ಕೈಕೆಲಸದ ಒಂದನ್ನು ನೋಡಿಬನ್ನಿ, ಕೊಳ್ಳುವ ಶಕ್ತಿಯಿದ್ದರೆ ಹೊಲಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.