ಬೈಲಹೊಂಗಲದ ಹುಡುಗ, ಲಖನೌ ಕಾಲೇಜು

ಮೊನ್ನೆ ರಜೆ ಹಾಕಿ ಶಿರಸಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಪಿಯುಸಿ ಮುಗಿಸಿದ್ದಾಳೆ, ಒಳ್ಳೆಯ ಮಾರ್ಕ್ಸ್ ಬಂದಿದೆ. ಎಂಟನೇ ವಯಸ್ಸಿನಿಂದ ಹಿಂದೂಸ್ತಾನಿ ಕಲಿಯುತ್ತಿರುವ ಅವಳಿಗೆ ಮುಂದೆಯೂ ಅದೇ ಬೇಕಂತೆ. ಊಟಕ್ಕೆ ಕೂತಾಗ ಚಿಕ್ಕಪ್ಪ ಶುರು ಮಾಡಿದರು. "ನೀನು ಓದಿದವ, ಹೇಳು ಮಾರಾಯಾ. ಸಂಗೀತಾನೂ ಆಗ್ಬೇಕು, ಓದಿನಲ್ಲೂ ಗಟ್ಟಿ ಇರ್ಬೇಕು, ಅಂಥ ಕಾಲೇಜು ಯಾವ್ದಿದೆ?"

ಅವಳು ತಲೆ ತಗ್ಗಿಸಿ ಕೂತಿದ್ದಳು. ಇಂಜಿನಿಯರಿಂಗ್ ಸೇರಿದ ವರ್ಷ ತಬಲಾವನ್ನು ಅಟ್ಟಕ್ಕೆ ಹಾಕಿದ ನನ್ನನ್ನೇ ಕೇಳಬೇಕೆ? "ಮೊದಲು ಬಿಇ ಮಾಡಲಿ" ಎಂದು ಬಾಯಿಗೆ ಬಂದದ್ದನ್ನು ಮಜ್ಜಿಗೆಯ ಜೊತೆ ನುಂಗಿದೆ. "ನೋಡಿ ಹೇಳ್ತೀನಿ" ಅಂದೆ.

ಬೆಂಗಳೂರಿಗೆ ಬಂದ ಮೇಲೆ ಅದೇ ಪ್ರಶ್ನೆ ಕೊರೆಯತೊಡಗಿತು. ಗುರುವಿನ ಮನೆಯಲ್ಲಿದ್ದ ಸಂಗೀತ ಕಾಲೇಜಿಗೆ ಬಂದದ್ದು ಯಾವಾಗ? ಹುಡುಕುತ್ತಾ ಹೋದೆ.

ಒಂದು ಕಾಲಕ್ಕೆ ಕಲಿಯುವುದೆಂದರೆ ಉಸ್ತಾದರ ಮನೆಯಲ್ಲಿ ವರ್ಷಗಟ್ಟಲೆ ಇರುವುದು. ಅವರು ಮನಸ್ಸು ಬಂದಾಗ ಒಂದು ಚೀಜ್ ಕೊಟ್ಟರೆ ಪುಣ್ಯ. ಇದನ್ನು ಶಾಲೆಯಾಗಿ ಮಾಡುವ ಪ್ರಯತ್ನ ಬರೋಡಾದಲ್ಲಿ 1886ರಲ್ಲಿ ನಡೆಯಿತು. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಮೌಲಾ ಬಕ್ಷ್ ಸಂಗೀತ ಶಾಲೆ ತೆರೆದರು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರ್ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದರು.

ಆದರೆ 'ಓದಿನಲ್ಲೂ ಗಟ್ಟಿ' ಎಂಬ ಚಿಕ್ಕಪ್ಪನ ಷರತ್ತಿಗೆ ಹೊಂದುವವರು ವಿಷ್ಣು ನಾರಾಯಣ ಭಾತಖಂಡೆ. 1887ರಲ್ಲಿ ಎಲ್‌ಎಲ್‌ಬಿ ಮುಗಿಸಿ ವಕೀಲಿಕೆ ಮಾಡಿದ ಮನುಷ್ಯ! ಕಕ್ಷಿದಾರರನ್ನು ಬಿಟ್ಟು ರಾಗಗಳ ಹಿಂದೆ ಹೋದರು. 1904ರಲ್ಲಿ ದಕ್ಷಿಣಕ್ಕೆ ಬಂದು, ವೆಂಕಟಮಖಿಯ 72 ಮೇಳಗಳ ಪದ್ಧತಿಯನ್ನು ಅಧ್ಯಯನ ಮಾಡಿದರು. ಆಮೇಲೆ ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ವಿಂಗಡಿಸಿದರು. ಘರಾನೆಗಳ ಒಳಗೇ ಉಳಿದಿದ್ದ ಬಂದಿಶ್‌ಗಳನ್ನು ಸ್ವರಲಿಪಿ ಹಾಕಿ ಆರು ಭಾಗಗಳಲ್ಲಿ ಅಚ್ಚು ಹಾಕಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು :)

1926ರಲ್ಲಿ ಲಖನೌದಲ್ಲಿ ಅವರ ಕನಸಿನ ಕಾಲೇಜು ಶುರುವಾಯಿತು. ಆಗಿನ ಗವರ್ನರ್ ಹೆಸರಿನಲ್ಲಿ ಅದು ಮ್ಯಾರಿಸ್ ಕಾಲೇಜ್. ತರಗತಿ, ಪಠ್ಯಕ್ರಮ, ಪರೀಕ್ಷೆ ಎಲ್ಲ ಇತ್ತು. ಪುಸ್ತಕ ನೋಡಿ ಹಾಡುವವರು ಗಾಯಕರಾಗುತ್ತಾರೆಯೇ ಎಂದು ಮೂಗು ಮುರಿದವರೂ ಇದ್ದರು. ಆ ಮಾತಿನಲ್ಲಿ ಅರ್ಥವಿಲ್ಲ ಅನ್ನಲಾರೆ. ಸ್ವರಲಿಪಿ ದಾರಿ ತೋರಿಸುತ್ತದೆ, ಮೀಂಡ್ ಕಲಿಸುವುದಿಲ್ಲ.

ಆದರೂ ಆ ಕಾಲೇಜು ಗೆದ್ದಿತು. ಯಾಕೆ? ಉತ್ತರ ಒಬ್ಬ ಮೇಷ್ಟರು. 1928ರಲ್ಲಿ ಪ್ರಿನ್ಸಿಪಾಲರಾದ ಎಸ್.ಎನ್. ರಾತಂಜನಕರ್ ಬಿಎ ಪದವೀಧರರು. ಬರೋಡಾದಲ್ಲಿ ಉಸ್ತಾದ್ ಫೈಯಾಜ್ ಖಾನರ ಮುಂದೆ ಕೂತು ಕಲಿತವರೂ ಹೌದು. ಡಿಗ್ರಿಯೂ ಘರಾನೆಯೂ ಒಬ್ಬರಲ್ಲೇ ಇದ್ದವು.

ಅವರ ಶಿಷ್ಯರ ಪಟ್ಟಿ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅದರಲ್ಲಿ ನಮ್ಮವರೇ ಎಷ್ಟು ಜನ! ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರ್. ಉತ್ತರ ಕನ್ನಡ ಮೂಲದ ಎಸ್.ಸಿ.ಆರ್. ಭಟ್. ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೆ.ಜಿ. ಗಿಂಡೆ. ಗಿಂಡೆಯವರು ಲಖನೌಗೆ ಹೋದಾಗ ಹನ್ನೊಂದು ವರ್ಷ. ಬೆಳಗಾವಿ ಸೀಮೆಯ ಆ ಹುಡುಗ ರಾತಂಜನಕರ್ ಮನೆಯಲ್ಲೇ ಬೆಳೆದ. ಹಗಲು ಕಾಲೇಜಿನ ಪಾಠ, ಮನೆಗೆ ಬಂದರೆ ಗುರುಕುಲ. ಮುಂದೆ ಇವರೆಲ್ಲ ಮುಂಬಯಿಗೆ ಬಂದು ತಾವೇ ಮೇಷ್ಟರಾದರು. ಗಿಂಡೆ ವಲ್ಲಭ ಸಂಗೀತಾಲಯದ ಪ್ರಿನ್ಸಿಪಾಲರಾಗಿ, 1994ರಲ್ಲಿ ತೀರಿಕೊಳ್ಳುವವರೆಗೂ ನೂರಾರು ಅಪರೂಪದ ಬಂದಿಶ್‌ಗಳ ಭಂಡಾರವಾಗಿ ಹೆಸರಾಗಿದ್ದರು.

ನಮ್ಮಲ್ಲೂ ನೋಡಿ. ಗಂಗೂಬಾಯಿ ಹಾನಗಲ್ ಅವರ ಶಾಲೆ ಐದನೇ ಇಯತ್ತೆಗೆ ನಿಂತಿತ್ತು. ಅದೇ ಗಂಗಜ್ಜಿ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕಿಯಾದರು. ಮೈಸೂರಿನಲ್ಲಿರುವ ರಾಜ್ಯ ಸಂಗೀತ ವಿಶ್ವವಿದ್ಯಾಲಯಕ್ಕೆ ಇಂದು ಅವರದೇ ಹೆಸರು.

ಹಾಗಂತ ಡಿಗ್ರಿ ಬೇಡ ಅಂತಲ್ಲ. ಅದಿಲ್ಲದೆ ನಾಳೆ ಮೇಷ್ಟರ ಕೆಲಸವೂ ಸಿಗದು, ಚಿಕ್ಕಪ್ಪನ ಚಿಂತೆ ಸುಳ್ಳಲ್ಲ. ಆದರೆ ಲಖನೌ ಕಥೆ ಓದಿದ ಮೇಲೆ ನನಗೆ ಅನ್ನಿಸಿದ್ದು, ನಾವು ಕಾಲೇಜಿನ ಬಗ್ಗೆ ತಪ್ಪು ಪ್ರಶ್ನೆ ಕೇಳುತ್ತಿದ್ದೇವೆ. ರ‍್ಯಾಂಕ್ ಎಷ್ಟು, ಕಟ್ಟಡ ಹೇಗಿದೆ ಎನ್ನುವುದು ಆಮೇಲೆ. ಅಲ್ಲಿ ಹಾಡುವ ಮೇಷ್ಟರು ಯಾರು? ವಾರಕ್ಕೆ ಎಷ್ಟು ಗಂಟೆ ಎದುರು ಕೂರಿಸಿಕೊಳ್ಳುತ್ತಾರೆ? ತರಗತಿ ಮುಗಿದ ಮೇಲೂ ಅವರ ಮನೆ ಬಾಗಿಲು ತೆರೆದಿರುತ್ತದೆಯೇ?

ನಿನ್ನೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದು ವರ್ಷದ ಮಗನ್ನ ಅಷ್ಟು ದೂರ ಕಳಿಸಿದ್ರಾ ಅವ್ರು?" ಅಂದರು. ಮುಂದಿನ ವಾರ ಮಗಳನ್ನು ಕರೆದುಕೊಂಡು ಧಾರವಾಡಕ್ಕೆ ಹೋಗಿ ಮೇಷ್ಟರನ್ನು ಕಂಡು ಬರುತ್ತಾರಂತೆ. ಹಿಂದಿನಿಂದ ಅವಳ ದನಿ, "ಅಣ್ಣಾ, ನೀನೂ ಬಾ."

ಹೋಗುವವನಿದ್ದೇನೆ. ನಿಮ್ಮಲ್ಲಿ ಸಂಗೀತವನ್ನೇ ಓದಿದವರಿದ್ದರೆ, ಆ ಮೇಷ್ಟರನ್ನು ಇನ್ನೇನು ಕೇಳಬೇಕು ಹೇಳಿ.