ಕೋಲಾರ ಚಿನ್ನದ ಗಣಿಗಳ ಕಾರ್ಮಿಕ ಹೋರಾಟ

ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳಲ್ಲಿ (ಕೆ.ಜಿ.ಎಫ್.) ನಡೆದ ಕಾರ್ಮಿಕ ಹೋರಾಟಗಳು ದಕ್ಷಿಣ ಭಾರತದ ಕಾರ್ಮಿಕ ಚಳವಳಿಯ ಆರಂಭದ ಮುಖ್ಯ ಅಧ್ಯಾಯಗಳಲ್ಲಿ ಸೇರುತ್ತವೆ. 1880ರ ದಶಕದಿಂದ ಇಲ್ಲಿನ ಗಣಿಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಕೈಯಲ್ಲಿತ್ತು. ಸುರಂಗದ ದುಡಿಮೆಗೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಭಾಷಿಕ ದಲಿತರು. ಊರಿನ ಜೀತ ಮತ್ತು ಅಸ್ಪೃಶ್ಯತೆಯಿಂದ ಬಿಡುಗಡೆ ಬಯಸಿ ಬಂದ ಇವರಿಗೆ ನಗದು ಕೂಲಿ ಸಿಕ್ಕಿತಾದರೂ, ಮೇಸ್ತ್ರಿ ಮತ್ತು ಗುತ್ತಿಗೆದಾರರ ಹಿಡಿತ, ತಟ್ಟಿಯ ಗೋಡೆಗಳ ಇಕ್ಕಟ್ಟಾದ ಲೈನು ಮನೆಗಳು ಅವರ ಪಾಲಿಗೆ ಬಂದವು.

ಇಲ್ಲಿನ ಅಸಮಾಧಾನಕ್ಕೆ ಕೂಲಿಯಷ್ಟೇ ಕಾರಣವಾಗಿರಲಿಲ್ಲ. ಚಿನ್ನದ ಕಳವು ತಡೆಯುವ ಹೆಸರಿನಲ್ಲಿ 1897ರಲ್ಲಿ ಬಂದ ಮೈಸೂರು ಗಣಿ ಕಾನೂನು, ಅದಿರು ಹೊಂದಿರುವುದನ್ನೇ ಅಪರಾಧವೆಂದು ಪರಿಗಣಿಸಿ, ಕಾರ್ಮಿಕರನ್ನು ಸದಾ ಶಂಕಿತರ ಸ್ಥಾನದಲ್ಲಿ ಇರಿಸಿತು. 1930ರಲ್ಲಿ ಕಂಪನಿಗಳು ಪ್ರತಿಯೊಬ್ಬ ಕೆಲಸಗಾರನ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಾಗ, ಒಂದು ಗಣಿಯಿಂದ ವಜಾ ಆದವನಿಗೆ ಮತ್ತೊಂದರಲ್ಲಿಯೂ ಕೆಲಸ ಸಿಗದಂತಾಗುವುದೆಂದು ಅರಿತ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಹಿಂದೆ ಬಲವಾದ ಸಂಘವೊಂದಿಲ್ಲದೆಯೇ ಈ ಮುಷ್ಕರ ನಡೆಯಿತೆಂಬುದು ಗಮನಾರ್ಹ. ಬ್ರಿಟಿಷ್ ಭಾರತದ 1926ರ ಕಾರ್ಮಿಕ ಸಂಘಗಳ ಕಾಯಿದೆ ಸಂಸ್ಥಾನಕ್ಕೆ ಅನ್ವಯಿಸದಿದ್ದುದರಿಂದ, ಇಲ್ಲಿ ಸಂಘಗಳಿಗೆ ಕಾನೂನಿನ ಮನ್ನಣೆ ದೊರೆತದ್ದು 1940ರ ದಶಕದ ಮೈಸೂರು ಶಾಸನಗಳಿಂದ.

ಆ ದಶಕದಲ್ಲಿ ಕಮ್ಯುನಿಸ್ಟ್ ನಾಯಕರಾದ ಕೆ.ಎಸ್. ವಾಸನ್, ವಿ.ಎಂ. ಗೋವಿಂದನ್ ಮೊದಲಾದವರು ಕಾರ್ಮಿಕರನ್ನು ಸಂಘಟಿಸಿದರು. 1946ರ ಚಳವಳಿಯ ಸಂದರ್ಭದಲ್ಲಿ, ನವೆಂಬರ್ 4ರಂದು ಪೊಲೀಸರು ನಡೆಸಿದ ಗೋಲಿಬಾರಿನಲ್ಲಿ ಆರು ಮಂದಿ ಕಾರ್ಮಿಕರು ಸತ್ತರು. ಆ ದಿನವನ್ನು ಹುತಾತ್ಮರ ದಿನವೆಂದು ಆಚರಿಸುವ ರೂಢಿ ಅಲ್ಲಿನ ಸಂಘಗಳಲ್ಲಿ ಬೆಳೆಯಿತು.

ಗೋಲಿಬಾರಿಗಿಂತ ಎಷ್ಟೋ ಹೆಚ್ಚು ಜೀವಗಳನ್ನು ತೆಗೆದದ್ದು ಸುರಂಗವೇ. ಚಾಂಪಿಯನ್ ರೀಫ್ ಗಣಿ ಸುಮಾರು 3 ಕಿಲೋಮೀಟರ್ ಆಳ ಮುಟ್ಟಿದಂತೆ, ಮೇಲಿನ ಬಂಡೆಯ ಒತ್ತಡಕ್ಕೆ ಸುರಂಗದ ಗೋಡೆ ಏಕಾಏಕಿ ಸಿಡಿಯುವ ‘ರಾಕ್ ಬರ್ಸ್ಟ್’ ಅಪಾಯ ಹೆಚ್ಚಿತು. ಕಲ್ಲಿನ ಸಿಲಿಕಾ ಧೂಳು ಉಸಿರಿನೊಡನೆ ಒಳಸೇರಿ ಶ್ವಾಸಕೋಶವನ್ನು ಗಡುಸಾಗಿಸುವ ಸಿಲಿಕೋಸಿಸ್ ರೋಗವಂತೂ ಸದ್ದಿಲ್ಲದೆ ಹರಡಿತ್ತು; 1940ರಿಂದ 1946ರವರೆಗೆ ತಪಾಸಣೆಗೊಳಗಾದ ಏಳು ಸಾವಿರಕ್ಕೂ ಮಿಕ್ಕಿದ ಕಾರ್ಮಿಕರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿಗೆ ಅದು ಇರುವುದು ಕಂಡುಬಂದಿತು. ಪರಿಹಾರದ ಬೇಡಿಕೆ ಇದರಿಂದ ಬಲಗೊಂಡಿತಾದರೂ, ಹಾಳಾದ ಶ್ವಾಸಕೋಶಕ್ಕೆ ಮದ್ದಿರಲಿಲ್ಲ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರಕ್ಕೆ ಹೋಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ರೂಪುಗೊಂಡಿತು. ಒಡೆತನ ಬದಲಾದ ಮೇಲೆ ಹೋರಾಟದ ಸ್ವರೂಪವೂ ಬದಲಾಯಿತು: ಅದಿರು ಕ್ಷೀಣಿಸಿ ನಷ್ಟ ಏರುತ್ತಿದ್ದಾಗ, ಒಂದು ಕಾಲಕ್ಕೆ ಕೆಲಸ ನಿಲ್ಲಿಸಿ ಹೋರಾಡಿದ್ದ ಕಾರ್ಮಿಕರೇ ಕೆಲಸ ಉಳಿಸಿಕೊಳ್ಳಲು ಹೋರಾಡಬೇಕಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು.