ಎರಡು ಆವೃತ್ತಿಗಳು

ಅಂಗೈ ಅಗಲದ ಒಂದು ರೇಡಿಯೋ. ಸಣ್ಣ ಪರದೆ, ಕೆಲವು ಗುಂಡಿಗಳು, ಪಕ್ಕದಲ್ಲಿ ಮೆಮೊರಿ ಕಾರ್ಡ್. ನಿನ್ನೆ ರಾತ್ರಿಯವರೆಗೆ ತಲೆಯ ಮೇಲೆ ಹಾರುವ ವಿಮಾನಗಳ ಸಂಕೇತದಿಂದ ಹಿಡಿದು ಎಫ್‌ಎಂ ಹಾಡಿನವರೆಗೆ ಎಲ್ಲವನ್ನೂ ಹಿಡಿಯುತ್ತಿತ್ತು. ಹೊಸ ಫರ್ಮ್‌ವೇರ್ ಹಾಕಿದ್ದಾಯಿತು, ಕೆಲಸ ಮುಗಿಯಿತೆಂದು ಕಂಪ್ಯೂಟರ್ ಹೇಳಿದ್ದೂ ಆಯಿತು. ಈಗ ನೋಡಿದರೆ ಪರದೆ ಕಪ್ಪು. ಇಲ್ಲವೇ ಪರದೆ ಹೊತ್ತಿಕೊಂಡಿದೆ, ಆದರೆ ಎಷ್ಟೋ ಆ್ಯಪ್‌ಗಳು ಮಾಯ. ಪೋರ್ಟಾಪ್ಯಾಕ್ ಎಂಬ ಸಾಧನ ಬಳಸುವವರಿಗೆ ಈ ಸಂಕಟ ಅಪರಿಚಿತವಲ್ಲ. ಮೊದಲು ಬಾಯಿಗೆ ಬರುವ ಮಾತು ‘ಸತ್ತೇ ಹೋಯಿತು’. ಸಾಮಾನ್ಯವಾಗಿ ಅದು ಸತ್ತಿರುವುದಿಲ್ಲ. ಏನಾಗಿರುತ್ತದೆ ಎಂದು ತಿಳಿಯಲು ಎರಡನೇ ಮಹಾಯುದ್ಧದ ಒಂದು ರೇಡಿಯೋದಿಂದ ಶುರು ಮಾಡುವುದು ಒಳ್ಳೆಯದು. ಕೈಯಲ್ಲಿ ಹಿಡಿಯುವ ರೇಡಿಯೋಗೆ ಈ ಕಾಯಿಲೆ ಹುಟ್ಟಿನಿಂದಲೇ ಬಂದಿದೆ.

ಅಮೆರಿಕದ ಗ್ಯಾಲ್ವಿನ್ ಕಂಪನಿ (1947ರಲ್ಲಿ ಮೊಟೊರೋಲಾ ಎಂದು ಹೆಸರು ಬದಲಿಸಿಕೊಂಡದ್ದು ಇದೇ) 1941ರಲ್ಲಿ ಸೇನೆಗಾಗಿ ಎಸ್‌ಸಿಆರ್-536 ಎಂಬ ಸೆಟ್ ತಯಾರಿಸತೊಡಗಿತು. ಐದು ವಾಲ್ವ್, ಸುಮಾರು 2.3 ಕಿಲೋ ತೂಕ. ಒಂದೇ ಕೈಯಲ್ಲಿ ಹಿಡಿದು ಮಾತಾಡಬಹುದಿತ್ತು. ಸ್ವಿಚ್ ಹುಡುಕುವ ತೊಂದರೆಯೂ ಇರಲಿಲ್ಲ: ಆಂಟೆನಾ ಹೊರಗೆಳೆದರೆ ಚಾಲೂ, ಒಳಗೆ ತಳ್ಳಿದರೆ ಬಂದ್. ಆದರೆ ಚಾನೆಲ್ ಬದಲಿಸುವ ಗುಂಡಿ ಇರಲಿಲ್ಲ. ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡಬೇಕೆಂಬುದನ್ನು ಒಳಗೆ ಸಿಕ್ಕಿಸಿದ ಕ್ವಾರ್ಟ್ಜ್ ಹರಳು ನಿರ್ಧರಿಸುತ್ತಿತ್ತು. ಬೇರೆ ಫ್ರೀಕ್ವೆನ್ಸಿ ಬೇಕೆಂದರೆ ಪೆಟ್ಟಿಗೆ ಬಿಚ್ಚಿ, ಕಳಿಸುವುದಕ್ಕೊಂದು ಕೇಳುವುದಕ್ಕೊಂದು ಎಂದು ಎರಡು ಹರಳು ಬದಲಿಸಬೇಕು. ಸಾಲದ್ದಕ್ಕೆ ಆ ಹರಳಿಗೆ ಹೊಂದುವ ಕಾಯಿಲ್‌ಗಳನ್ನೂ ಬದಲಿಸಬೇಕು. ಹರಳು ಹೊಸದು, ಕಾಯಿಲ್ ಹಳೆಯದು ಎಂದಾದರೆ ಬ್ಯಾಟರಿ, ವಾಲ್ವ್ ಎಲ್ಲ ನೆಟ್ಟಗಿದ್ದೂ ಸೆಟ್ ನೆಟ್ಟಗೆ ಮಾತಾಡದು.

ಹರಳಿನ ಇನ್ನೊಂದು ತಂಟೆ ಯುದ್ಧದ ನಡುವೆ ಬೆಳಕಿಗೆ ಬಂತು. ಕಾರ್ಖಾನೆಯಲ್ಲಿ ಪರೀಕ್ಷೆ ಪಾಸಾದ ಹರಳುಗಳು ಕಾಲ ಕಳೆದಂತೆ ತಮ್ಮ ಫ್ರೀಕ್ವೆನ್ಸಿಯಿಂದ ಜಾರತೊಡಗಿದವು, ಕೆಲವು ಕಂಪಿಸುವುದನ್ನೇ ನಿಲ್ಲಿಸಿದವು. ಸೇನೆಯ ಪ್ರಯೋಗಾಲಯದಲ್ಲಿದ್ದ ವರ್ಜಿಲ್ ಬಾಟಮ್ ಎಂಬ ಭೌತವಿಜ್ಞಾನಿ ಕಾರಣ ಪತ್ತೆ ಮಾಡಿದರು. ಹರಳನ್ನು ಅರೆದು ತೆಳುವಾಗಿಸುವಾಗ ಮೇಲ್ಮೈಯಲ್ಲಿ ಪೆಟ್ಟು ತಿಂದ ಪದರವೊಂದು ಉಳಿಯುತ್ತಿತ್ತು, ಅದು ನಿಧಾನವಾಗಿ ಸಡಿಲಗೊಳ್ಳುತ್ತಿತ್ತು. ಕೊನೆಯ ಹಂತದಲ್ಲಿ ಅರೆಯುವುದನ್ನು ಬಿಟ್ಟು ರಾಸಾಯನಿಕದಲ್ಲಿ ಅದ್ದಿ ಆ ಪದರವನ್ನು ಕರಗಿಸುವುದೇ ಪರಿಹಾರವಾಯಿತು. ರಣರಂಗದಲ್ಲಿ ಸೆಟ್ ಹಿಡಿದವನಿಗೆ ಇದಾವುದೂ ಕಾಣುವಂತಿರಲಿಲ್ಲ. ಅವನ ಪಾಲಿಗೆ ರೇಡಿಯೋ ಸತ್ತಿತ್ತು, ಅಷ್ಟೇ.

ಯಾವ ಫ್ರೀಕ್ವೆನ್ಸಿ, ಹೇಗೆ ವರ್ತಿಸಬೇಕು ಎಂದು ರೇಡಿಯೋಗೆ ಹೇಳಿಕೊಡುವ ಕೆಲಸ ಈಗ ಫರ್ಮ್‌ವೇರ್‌ನದು. ಕೈಪಿಡಿಗಳನ್ನು ಅನುವಾದಿಸಿ ಬದುಕುವ ನನಗೆ ಈ ಪದ ಕೊಡುವ ಕಾಟ ಸಣ್ಣದಲ್ಲ. ಹಾರ್ಡ್‌ವೇರ್‌ಗೆ ಯಂತ್ರಾಂಶ, ಸಾಫ್ಟ್‌ವೇರ್‌ಗೆ ತಂತ್ರಾಂಶ ಎಂಬವು ನಿಂತುಬಿಟ್ಟಿವೆ. ನಡುವಿನದಕ್ಕೆ ಒಮ್ಮೆ ‘ಸ್ಥಿರಾಂಶ’ ಎಂದು ಬರೆದು ನಾನೇ ಹೊಡೆದುಹಾಕಿದೆ. ಆ ಪದವನ್ನು 1967ರಲ್ಲಿ ಡೇಟಮೇಷನ್ ಪತ್ರಿಕೆಯ ಲೇಖನದಲ್ಲಿ ಬಳಕೆಗೆ ತಂದ ಆಶರ್ ಓಪ್ಲರ್ ಹೇಳಿದ್ದು ಬದಲಾಗದ ವಸ್ತುವಿನ ಬಗ್ಗೆ ಅಲ್ಲವೇ ಅಲ್ಲ. ಕಂಪ್ಯೂಟರ್‌ನ ನಿಯಂತ್ರಣ ಮೆಮೊರಿಯಲ್ಲಿ ಕೂತು, ಅದೇ ಯಂತ್ರವನ್ನು ಬೇರೊಂದು ಕೆಲಸಕ್ಕೆ ಒಗ್ಗಿಸುವ ಆದೇಶಗಳಿಗೆ ಅವರು ಆ ಹೆಸರಿಟ್ಟರು. ಆಮೇಲೆ ಓದಲಷ್ಟೇ ಬರುವ ಚಿಪ್‌ಗಳ ಒಳಗಿನ ಆದೇಶಗಳಿಗೂ ಅದೇ ಹೆಸರು ಅಂಟಿ, ಫರ್ಮ್‌ವೇರ್ ಎಂದರೆ ಕಲ್ಲಿನ ಶಾಸನ ಎನ್ನುವಂತಾಯಿತು. ಫ್ಲ್ಯಾಶ್ ಮೆಮೊರಿ ಬಂದ ಮೇಲೆ ಅದು ಮತ್ತೆ ಸ್ಲೇಟಾಯಿತು.

ಇನ್ನೊಂದು ಪೇಚೂ ಇದೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಫ್ರೀಕ್ವೆನ್ಸಿಗೆ ‘ಆವೃತ್ತಿ’ ಎನ್ನುತ್ತಾರೆ. ವರ್ಶನ್‌ಗೂ ಅದೇ ಪದ. ರೇಡಿಯೋದ ಕೈಪಿಡಿಯಲ್ಲಿ ‘ಆವೃತ್ತಿ ಹೊಂದುತ್ತಿದೆಯೇ ನೋಡಿ’ ಎಂದು ಬರೆದರೆ ಓದುಗರು ಏನನ್ನು ನೋಡಬೇಕು?

ಹರಳಿನಿಂದ ಫರ್ಮ್‌ವೇರ್‌ಗೆ ಬಂದ ದಾರಿಯಲ್ಲೂ ಸೇನೆಯ ಹೆಜ್ಜೆಗಳಿವೆ. 1983ರ ಗ್ರೆನಡಾ ಆಕ್ರಮಣದಲ್ಲಿ ಅಮೆರಿಕದ ಬೇರೆ ಬೇರೆ ಪಡೆಗಳ ರೇಡಿಯೋಗಳು ಒಂದರೊಡನೊಂದು ಮಾತಾಡಲಾರದೆ ಪೇಚಾಡಿದವು. 1990ರ ದಶಕದ ಸ್ಪೀಕ್‌ಈಸಿ ಎಂಬ ಯೋಜನೆ, ಹತ್ತಕ್ಕೂ ಹೆಚ್ಚು ಬಗೆಯ ಸೇನಾ ರೇಡಿಯೋಗಳ ವೇಷ ಹಾಕಬಲ್ಲ ಒಂದೇ ರೇಡಿಯೋ ಮಾಡಹೊರಟಿತು. 1992ರಲ್ಲಿ ಜೋಸೆಫ್ ಮಿಟೋಲಾ ಇಂಥ ‘ಸಾಫ್ಟ್‌ವೇರ್ ರೇಡಿಯೋ’ ಹೇಗಿರಬೇಕೆಂದು ಪ್ರಬಂಧ ಬರೆದರು. ಅದು ಹವ್ಯಾಸಿಗಳ ಮೇಜಿಗೆ ಬರಲು ಎರಡು ದಶಕ ಹಿಡಿಯಿತು. 2013ರಲ್ಲಿ ಮೈಕಲ್ ಆಸ್‌ಮನ್ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಹಣ ಕೂಡಿಸಿ ಹ್ಯಾಕ್‌ಆರ್‌ಎಫ್ ಒನ್ ತಂದರು. 1 ಮೆಗಾಹರ್ಟ್ಜ್‌ನಿಂದ 6 ಗಿಗಾಹರ್ಟ್ಜ್‌ವರೆಗೆ ಅದರ ಹರವು. ಅದಕ್ಕೆ ಪರದೆ, ಗುಂಡಿ, ಕಾರ್ಡ್ ಜೋಡಿಸಿ ಕೈಯಲ್ಲಿ ಹಿಡಿಯುವಂತೆ ಮಾಡಿದ ಪೋರ್ಟಾಪ್ಯಾಕ್ ಜೇರೆಡ್ ಬೂನ್ ಅವರದು. ಮೇಹೆಮ್ ಎಂಬ ಮುಕ್ತ ಫರ್ಮ್‌ವೇರ್ ಅನ್ನು ಸ್ವಯಂಸೇವಕರು ಬೆಳೆಸುತ್ತಿದ್ದಾರೆ. (ಕೇಳುವುದು ಬೇರೆ, ಕಳಿಸುವುದು ಬೇರೆ. ಕಳಿಸಲು ನಮ್ಮಲ್ಲಿ ಲೈಸೆನ್ಸ್ ಬೇಕು.)

ಹ್ಯಾಕ್‌ಆರ್‌ಎಫ್‌ನ ಫ್ಲ್ಯಾಶ್ ಕೇವಲ 1 ಎಂಬಿ. ಆ್ಯಪ್‌ಗಳು ಹೆಚ್ಚಿದಂತೆ ಜಾಗ ಸಾಲದೆ ಹಲವನ್ನು ಮೆಮೊರಿ ಕಾರ್ಡಿಗೆ ಸಾಗಿಸಿದರು. ಕಾರ್ಡಿನ ಆ್ಯಪ್ ಮತ್ತು ಫ್ಲ್ಯಾಶಿನ ಫರ್ಮ್‌ವೇರ್ ಒಂದೇ ಆವೃತ್ತಿಯವಾಗಿರಬೇಕು. ಫರ್ಮ್‌ವೇರ್ ಮಾತ್ರ ಹೊಸದಾಗಿ ಕಾರ್ಡ್ ಹಳೆಯದೇ ಉಳಿದರೆ ಆ್ಯಪ್‌ಗಳು ತೆರೆಯುವುದಿಲ್ಲ, ಇಲ್ಲವೇ ಕಾಣುವುದೇ ಇಲ್ಲ. 1941ರ ಹರಳು ಮತ್ತು ಕಾಯಿಲ್‌ನದೇ ಕಥೆ. ಈಗ ಎರಡನ್ನೂ ಒಂದೇ ಕಡತದಲ್ಲಿ ಕಟ್ಟಿ ಕೊಡುತ್ತಾರೆ. ಅದನ್ನು ಕಾರ್ಡಿಗೆ ಹಾಕಿ ಸಾಧನದೊಳಗಿಂದಲೇ ಅಪ್‌ಡೇಟ್ ಮಾಡಿದರೆ ಈ ಗೋಜಲಿಲ್ಲ.

ಕಪ್ಪು ಪರದೆಯ ವಿಷಯ ಸ್ವಲ್ಪ ಬೇರೆ. ಕಂಪ್ಯೂಟರ್‌ನಿಂದ ಫರ್ಮ್‌ವೇರ್ ಬರೆದ ಮೇಲೆ ರೀಸೆಟ್ ಒತ್ತುವುದನ್ನೇ ಮರೆತಿರಬಹುದು. ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದಿದ್ದರೆ ಕಂಪ್ಯೂಟರ್‌ಗೆ ಸಾಧನ ಕಾಣುವುದೇ ಇಲ್ಲ. ಹೊಸ ಕೇಬಲ್ ತಂದು ನೋಡುವುದು ಅವಮಾನವೇನಲ್ಲ. ಇವೆಲ್ಲ ಆಗಿಯೂ ಕಪ್ಪಾಗಿಯೇ ಇದ್ದರೆ ಕೊನೆಯ ಬಾಗಿಲೊಂದಿದೆ. ಪ್ರೊಸೆಸರ್ ಚಿಪ್ ತಯಾರಾಗುವಾಗಲೇ ಅದರೊಳಗೆ ಬರೆದಿಟ್ಟ ಪುಟ್ಟ ಪ್ರೋಗ್ರಾಂ ಅದು, ಯಾವ ಅಪ್‌ಡೇಟೂ ಅದನ್ನು ಅಳಿಸಲಾರದು. ಡಿಎಫ್‌ಯು ಎಂಬ ಗುಂಡಿ ಹಿಡಿದುಕೊಂಡು ರೀಸೆಟ್ ಒತ್ತಿ ಬಿಟ್ಟರೆ, ಕೆಟ್ಟುಹೋದ ಫ್ಲ್ಯಾಶನ್ನು ಬದಿಗಿಟ್ಟು ಚಿಪ್ ನೇರ ಯುಎಸ್‌ಬಿಯ ಮಾತು ಕೇಳುತ್ತದೆ. ಅಲ್ಲಿಂದ ತಾತ್ಕಾಲಿಕ ಫರ್ಮ್‌ವೇರ್ ತುಂಬಿ, ಅದರ ಮೂಲಕ ಫ್ಲ್ಯಾಶನ್ನು ಮತ್ತೆ ಬರೆಯಬಹುದು. ಡಿಎಫ್‌ಯು ಎಂಬುದು 1999ರಲ್ಲೇ ಯುಎಸ್‌ಬಿಗೆ ಸೇರಿದ ವಿಧಾನ.

ಇಂಥ ಬಾಗಿಲು ಯಾರ ಕೈಯಲ್ಲಿರಬೇಕು ಎಂಬುದು ಇತ್ಯರ್ಥವಾಗದ ಜಗಳ. ಯುರೋಪಿನ 2014ರ ರೇಡಿಯೋ ಉಪಕರಣ ನಿರ್ದೇಶನದಲ್ಲಿ ಒಂದು ಕಲಂ ಇದೆ: ಆಯೋಗ ಗೊತ್ತುಪಡಿಸುವ ಬಗೆಯ ಸಾಧನಗಳಲ್ಲಿ, ಆ ಯಂತ್ರದೊಡನೆ ಸೇರಿ ನಿಯಮಕ್ಕೆ ಒಪ್ಪುತ್ತದೆಂದು ತೋರಿಸಿದ ಸಾಫ್ಟ್‌ವೇರ್ ಮಾತ್ರ ಒಳಹೋಗುವಂತಿರಬೇಕು. ಒಂದು ರೇಡಿಯೋ ಮತ್ತೊಂದರ ಮಾತು ಕೆಡಿಸಬಾರದೆಂಬ ಕಾಳಜಿ ಸುಳ್ಳಲ್ಲ. ಆದರೆ ಹಾಗೆ ಬೀಗ ಜಡಿದ ರೇಡಿಯೋ ಅಪ್‌ಡೇಟಿನ ಮಧ್ಯೆ ಕೆಟ್ಟರೆ, ತಯಾರಕರ ಮನಸ್ಸು ಬಂದಾಗಲೇ ಅದಕ್ಕೆ ಜೀವ. ಹ್ಯಾಕ್‌ಆರ್‌ಎಫ್ ಒನ್‌ನಲ್ಲಿ ಡಿಎಫ್‌ಯು ಗುಂಡಿಯನ್ನು ಪೆಟ್ಟಿಗೆ ಬಿಚ್ಚದೆಯೇ ಒತ್ತುವಂತೆ ಇಟ್ಟಿದ್ದಾರೆ, ರೀಸೆಟ್‌ನ ಪಕ್ಕದಲ್ಲೇ.